ಪುಲಕೇಶಿಯ ಕಾಲ ಮತ್ತು ಒಂದು ‘ಒಂದು ವೇಳೆ’

ಕುಷ್ಟಗಿಯಿಂದ ಇಳಕಲ್, ಹುನಗುಂದ, ಅಮೀನಗಡದ ಹಾದಿ ಹಿಡಿದರೆ ಎರಡು ತಾಸಿನೊಳಗೆ ಐಹೊಳೆ ಸಿಗುತ್ತದೆ. ಅಲ್ಲಿನ ಮೇಗುಟಿ ಗುಡ್ಡದ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ರಚಿಸಿದ ಶಾಸನವಿದೆ. ಶಕವರ್ಷ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಕಥೆಗಾಗಿ ನಾವೆಲ್ಲ ಶಾಲೆಯಲ್ಲಿ ಈ ಶಾಸನದ ಹೆಸರು ಕೇಳಿದವರೇ. ಆದರೆ ಆ ಇಸವಿಯ ಪಕ್ಕದಲ್ಲಿ ಇನ್ನೊಂದು ಇಸವಿಯನ್ನಿಟ್ಟು ನೋಡಿದವರು ಕಡಿಮೆ. ಪ್ರವಾದಿ ಮುಹಮ್ಮದರು(ಸ) ನಿಧನರಾದದ್ದು 632ರಲ್ಲಿ. 634ರಲ್ಲಿ ಅರಬರ ಪಡೆ ಪ್ಯಾಲೆಸ್ತೀನಿನ ಅಜ್ನಾದೈನ್‌ನಲ್ಲಿ ರೋಮನರನ್ನು ಸೋಲಿಸಿತು. ಇತ್ತ ಐಹೊಳೆಯಲ್ಲಿ ಉಳಿಯ ಸದ್ದು, ಅತ್ತ ಒಂದು ಲೋಕವೇ ಮಗ್ಗುಲು ಬದಲಿಸುತ್ತಿದ್ದ ಸದ್ದು.

ಇಸ್ಲಾಮ್ ಹುಟ್ಟದೇ ಇದ್ದಿದ್ದರೆ ಆ ಕಾಲದ ಸಾಮ್ರಾಜ್ಯಗಳು ಏನಾಗುತ್ತಿದ್ದವು? ಈ ಪ್ರಶ್ನೆಯನ್ನು ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಚುಚ್ಚಲು ಕೇಳುತ್ತಾರೆ. ನೀವು ಬಾರದಿದ್ದರೆ ಎಲ್ಲವೂ ಇದ್ದಂತೆಯೇ ಇರುತ್ತಿತ್ತು ಎಂಬುದು ಎರಡನೆಯವರ ಧಾಟಿ. ಯಾರೇ ಕೇಳಲಿ, ಪ್ರಶ್ನೆ ಮಾತ್ರ ಒಳ್ಳೆಯದೇ. ಅದನ್ನು ನಮ್ಮ ನೆಲದಿಂದಲೇ ಕೇಳಿ ನೋಡೋಣ.

ಪುಲಕೇಶಿಗೆ ಪರ್ಷಿಯಾ ದೂರದ ಮಾತಾಗಿರಲಿಲ್ಲ. ಸುಮಾರು 625ರಲ್ಲಿ ಭಾರತದ ಅರಸನೊಬ್ಬನಿಂದ ಇಮ್ಮಡಿ ಖುಸ್ರೋನ ಆಸ್ಥಾನಕ್ಕೆ ರಾಯಭಾರ ಬಂದಿತ್ತೆಂದು ಇತಿಹಾಸಕಾರ ತಬರಿ ಬರೆದಿದ್ದಾನೆ. ಆ ಅರಸನ ಹೆಸರನ್ನು ಹಲವು ವಿದ್ವಾಂಸರು ಪುಲಕೇಶಿ ಎಂದೇ ಓದುತ್ತಾರೆ. ಆಗ ಖುಸ್ರೋನ ವೈಭವ ಕಣ್ಣು ಕೋರೈಸುವಂತಿತ್ತು. 614ರಲ್ಲಿ ಜೆರುಸಲೇಮ್ ಅವನ ವಶವಾಗಿತ್ತು, ಬಳಿಕ ಈಜಿಪ್ಟೂ. ಮೂರೇ ವರ್ಷದಲ್ಲಿ ಎಲ್ಲವೂ ತಲೆಕೆಳಗಾಯಿತು. 627ರಲ್ಲಿ ರೋಮನ್ ಚಕ್ರವರ್ತಿ ಹೆರಾಕ್ಲಿಯಸ್ ನಿನೆವೆಯ ಬಳಿ ಪರ್ಷಿಯನರನ್ನು ಮುರಿದ. 628ರಲ್ಲಿ ಖುಸ್ರೋ ಹೆತ್ತ ಮಗನ ಆಜ್ಞೆಯಿಂದಲೇ ಹತನಾದ. ಆ ಮಗನೂ ಕೆಲವೇ ತಿಂಗಳಲ್ಲಿ ತೀರಿಕೊಂಡ. ಮುಂದಿನ ನಾಲ್ಕು ವರ್ಷ ಸಿಂಹಾಸನದ ಮೇಲೆ ಒಬ್ಬರ ನಂತರ ಒಬ್ಬರು, ಅವರಲ್ಲಿ ಇಬ್ಬರು ರಾಣಿಯರು. ಕೊನೆಗೆ ಪಟ್ಟವೇರಿದ ಮೂರನೆಯ ಯಜ್ದಗಿರ್ದ್ ಇನ್ನೂ ಹುಡುಗ. ಗೆದ್ದ ರೋಮಿನ ಪಾಡೂ ಅಷ್ಟಕ್ಕಷ್ಟೆ. ಬೊಕ್ಕಸ ಬರಿದಾಗಿತ್ತು. ಬಾಲ್ಕನ್ ನಾಡು ಸ್ಲಾವರ ಪಾಲಾಗುತ್ತಿತ್ತು. ಸಿರಿಯಾ, ಈಜಿಪ್ಟಿನ ಬಹುಪಾಲು ಕ್ರೈಸ್ತರಿಗೂ ರಾಜಧಾನಿಯ ಚರ್ಚಿಗೂ ಯೇಸುವಿನ ಸ್ವರೂಪದ ಕುರಿತು ತಲೆಮಾರುಗಳ ಜಗಳವಿತ್ತು. ಮರುಭೂಮಿಯ ಗಡಿ ಕಾಯುತ್ತಿದ್ದ ಹೀರಾದ ಅರಬ್ ಅರಸೊತ್ತಿಗೆಯನ್ನು 602ರ ಸುಮಾರಿಗೆ ಸ್ವತಃ ಖುಸ್ರೋನೇ ಕಿತ್ತೊಗೆದಿದ್ದ. ಬೇಲಿ ಕಿತ್ತ ಹೊಲಕ್ಕೆ ಯಾರಾದರೂ ನುಗ್ಗಲೇಬೇಕಿತ್ತು.

ಹಾಗೆಂದು ಇಸ್ಲಾಮ್ ಇಲ್ಲದಿದ್ದರೂ ಎಲ್ಲ ಹೀಗೆಯೇ ಆಗುತ್ತಿತ್ತು ಎಂದರೆ ಅದೂ ಅಪ್ಪಟ ಸುಳ್ಳು. ಅರಬ್ ಬುಡಕಟ್ಟುಗಳು ಮೊದಲೂ ದಾಳಿ ಮಾಡುತ್ತಿದ್ದವು, ದೋಚಿದ್ದನ್ನು ಹಂಚಿಕೊಂಡು ಚದುರುತ್ತಿದ್ದವು. ಚದುರದಂತೆ ಕಟ್ಟಿದ್ದು ಹೊಸ ಧರ್ಮ. ಅದಿಲ್ಲದಿದ್ದರೆ ಈಜಿಪ್ಟ್ ಬಹುಶಃ ಕ್ರೈಸ್ತವಾಗಿಯೇ ಉಳಿಯುತ್ತಿತ್ತು. ಅರಬಿ ಭಾಷೆ ಕವಿಗಳ, ವರ್ತಕರ ನುಡಿಯಾಗಿ ನಿಲ್ಲುತ್ತಿತ್ತು. ಇರಾನಿನಲ್ಲಿ ಅಗ್ನಿಮಂದಿರಗಳು ಉರಿಯುತ್ತಿದ್ದವು, ಆದರೆ ಸಿಂಹಾಸನದ ಮೇಲೆ ಇರುತ್ತಿದ್ದವರು ಪ್ರಾಯಶಃ ತುರ್ಕರು. 627ರಲ್ಲೇ ಅವರು ಹೆರಾಕ್ಲಿಯಸ್‌ನ ಮಿತ್ರರಾಗಿ ಕಾಕಸಸ್ ದಾಟಿ ಬಂದಿದ್ದರು.

ಇದೆಲ್ಲ ಊಹೆ. ಆದರೆ ಊಹೆ ಬೇಡದ ಒಂದು ಉದಾಹರಣೆ ನಮ್ಮ ಬಳಿ ಇದೆ. ಅದೇ ಕಾಲದ, ಇಸ್ಲಾಮಿನ ಕೈ ತಾಗದ ಒಂದು ಸಾಮ್ರಾಜ್ಯ: ಬಾದಾಮಿಯ ಚಾಲುಕ್ಯರದು. 642ರಲ್ಲಿ ನಹಾವಂದ್ ಕದನದಲ್ಲಿ ಪರ್ಷಿಯಾದ ಬೆನ್ನೆಲುಬು ಮುರಿಯಿತು. ಅದೇ 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಪುಲಕೇಶಿ ಆ ಯುದ್ಧದಲ್ಲೇ ಮಡಿದನೆನ್ನುತ್ತಾರೆ. ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ರಾಜಧಾನಿಯನ್ನು ಮರಳಿ ಪಡೆದು ಮಗ ವಿಕ್ರಮಾದಿತ್ಯ ಪಟ್ಟವೇರುವ ಹೊತ್ತಿಗೆ 655. ಮುಂದೆ 739ರ ನವಸಾರಿ ತಾಮ್ರಪಟದಲ್ಲಿ ಗುಜರಾತಿಗೆ ನುಗ್ಗಿದ ‘ತಾಜಿಕ’ ಸೈನ್ಯವನ್ನು, ಅಂದರೆ ಅರಬರನ್ನು, ಚಾಲುಕ್ಯ ಮನೆತನದವನೇ ಹಿಮ್ಮೆಟ್ಟಿಸಿದ ವಿವರವಿದೆ. ಅರಬರಿಂದ ಉಳಿದ ಆ ರಾಜ್ಯವನ್ನು ಹದಿನೈದು ವರ್ಷದೊಳಗೆ ಮುಗಿಸಿದವನು ಅವರದೇ ಸಾಮಂತ, ರಾಷ್ಟ್ರಕೂಟ ದಂತಿದುರ್ಗ.

ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ಈ ಎಡೆದೊರೆ ನಾಡಂತೂ ಬಹಮನಿಗಳು ಬರುವ ಮೊದಲೇ ರಕ್ತ ಕಂಡದ್ದು. 1054ರ ಕೊಪ್ಪಂ ಕಾಳಗದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಪ್ರಾಣಬಿಟ್ಟ. ಆ ಕೊಪ್ಪಂ ನಮ್ಮ ಕೊಪ್ಪಳವೇ ಎಂದು ಹೇಳುವವರಿದ್ದಾರೆ, ಒಪ್ಪದವರೂ ಇದ್ದಾರೆ.

ರಾಷ್ಟ್ರಕೂಟರ ಕಾಲಕ್ಕೆ ಬಂದರೆ ಕಥೆ ಬೇರೆಯೇ ತಿರುವು ಪಡೆಯುತ್ತದೆ. ಈ ಕನ್ನಡ ಅರಸರನ್ನು ಅರಬ್ ಪ್ರವಾಸಿಗಳು ‘ಬಲ್ಹರಾ’ ಎಂದು ಕರೆದು, ತಮ್ಮವರ ಮೇಲೆ ಇಷ್ಟು ಪ್ರೀತಿಯಿಟ್ಟ ಅರಸರು ಬೇರಿಲ್ಲವೆಂದು ಬರೆದರು. 926ರ ಚಿಂಚಣಿ ತಾಮ್ರಪಟದಲ್ಲಿ ಒಬ್ಬ ಅಧಿಕಾರಿಯ ಹೆಸರಿದೆ: ತಾಜಿಕ ಕುಲದ ಮಧುಮತಿ. ಮುಹಮ್ಮದ್ ಎಂಬುದರ ಸಂಸ್ಕೃತ ರೂಪ ಅದು. ಇಮ್ಮಡಿ ಕೃಷ್ಣ ಅವನನ್ನು ಸಂಯಾನದ ಆಡಳಿತಗಾರನನ್ನಾಗಿ ನೇಮಿಸಿದ್ದ. ಅಲ್ಲಿ ಬ್ರಾಹ್ಮಣನೊಬ್ಬ ಕಟ್ಟಿಸಿದ ಮಠಕ್ಕೆ, ಭಗವತಿಯ ಪೂಜೆಗೆ, ಅನ್ನದಾನಕ್ಕೆ ಭೂಮಿ ದತ್ತಿಯಾದದ್ದು ಈ ಮಧುಮತಿಯ ಮೂಲಕ. ಸಂಯಾನವೆಂದರೆ ಇಂದಿನ ಗುಜರಾತಿನ ಸಂಜಾಣ. ಇರಾನ್ ತೊರೆದು ಹಡಗೇರಿದ ಪಾರಸಿಗಳು ತಮ್ಮ ಪರಂಪರೆಯ ಪ್ರಕಾರ ನೆಲೆ ಕಂಡು ಪವಿತ್ರ ಅಗ್ನಿ ಸ್ಥಾಪಿಸಿದ್ದು ಅದೇ ಊರಿನಲ್ಲಿ.