ಮಕ್ಕಳಲ್ಲಿ ಮೊಣಕೈ ಮೇಲ್ಭಾಗದ ಮೂಳೆ ಮುರಿತ

ತೋಳಿನ ಉದ್ದಮೂಳೆಯಾದ ಹ್ಯೂಮರಸ್ (ಭುಜಾಸ್ಥಿ) ಮೊಣಕೈ ಕೀಲಿನ ತುಸು ಮೇಲೆ ಮುರಿಯುವುದನ್ನು ಮೊಣಕೈ ಮೇಲ್ಭಾಗದ ಮೂಳೆ ಮುರಿತ ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದಕ್ಕೆ ಸುಪ್ರಾಕಾಂಡೈಲರ್ ಮುರಿತ ಎಂಬ ಹೆಸರಿದೆ. ಮಕ್ಕಳ ಮೊಣಕೈಯಲ್ಲಿ ಉಂಟಾಗುವ ಮುರಿತಗಳಲ್ಲಿ ಅತ್ಯಂತ ಸಾಮಾನ್ಯವಾದುದು ಇದೇ. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಮುರಿದ ಮೂಳೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಮುರಿತದ ಸಮೀಪದಲ್ಲಿಯೇ ಹಾದುಹೋಗುವ ರಕ್ತನಾಳಕ್ಕಾಗಲಿ ನರಗಳಿಗಾಗಲಿ ಪೆಟ್ಟಾದರೆ, ಅಥವಾ ಮೂಳೆ ಓರೆಯಾಗಿ ಕೂಡಿಕೊಂಡರೆ, ಕೈ ಜೀವನಪರ್ಯಂತ ಊನವಾಗುವ ಸಂಭವವಿದೆ. ಆದುದರಿಂದ ಈ ಮುರಿತವನ್ನು ಕುರಿತ ಸಂಶೋಧನೆಗಳ ಬಹುಭಾಗ ಮೂಳೆಯನ್ನು ಕೂಡಿಸುವುದಕ್ಕಿಂತ ಮಿಗಿಲಾಗಿ ಕೈಯನ್ನು ಉಳಿಸಿಕೊಳ್ಳುವುದರ ಕಡೆಗೆ ಗಮನ ಹರಿಸಿದೆ.

ಅಂಗರಚನೆ

ಮೊಣಕೈಯ ಬಳಿ ಹ್ಯೂಮರಸ್ ಮೂಳೆ ಅಗಲವಾಗಿ ಚಪ್ಪಟೆಯಾಗುತ್ತದೆ. ಅದರ ಮುಂಭಾಗದಲ್ಲಿ ಒಂದು, ಹಿಂಭಾಗದಲ್ಲಿ ಒಂದು ಕುಳಿ ಇದ್ದು, ಇವೆರಡರ ನಡುವೆ ಮೂಳೆ ಬಹಳ ತೆಳುವಾಗಿರುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಭಾಗ ಇನ್ನೂ ದುರ್ಬಲ. ಇದರ ಮುಂದೆ ಮುಂಗೈಗೆ ರಕ್ತವನ್ನು ಒಯ್ಯುವ ಬ್ರೇಕಿಯಲ್ ಅಪಧಮನಿ ಮತ್ತು ಮೀಡಿಯನ್ ನರ ಸಾಗುತ್ತವೆ. ಹೊರಬದಿಯಲ್ಲಿ ರೇಡಿಯಲ್ ನರವೂ ಒಳಬದಿಯ ಗಂಟಿನ ಹಿಂದೆ ಅಲ್ನಾರ್ ನರವೂ ಇವೆ. ಮೊಣಕೈ ಎಲ್ಲಿಗಾದರೂ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಈ ಅಲ್ನಾರ್ ನರದಿಂದಲೇ.

ಹ್ಯೂಮರಸ್ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ಮೊಣಕೈ ತುದಿಯ ಪಾಲು ಸುಮಾರು 20 ಪ್ರತಿಶತ ಮಾತ್ರ. ಉಳಿದುದು ಭುಜದ ತುದಿಯಲ್ಲಿ ನಡೆಯುತ್ತದೆ. ಮಕ್ಕಳ ಮೂಳೆ ಓರೆಯಾಗಿ ಕೂಡಿದರೂ ಬೆಳೆಯುತ್ತಾ ತಾನೇ ನೇರವಾಗುತ್ತದೆ ಎಂಬ ಸಾಮಾನ್ಯ ನಂಬಿಕೆ ಮಣಿಕಟ್ಟಿನ ಮುರಿತಕ್ಕೆ ಬಹುಮಟ್ಟಿಗೆ ಸಲ್ಲುತ್ತದೆ, ಮೊಣಕೈಗೆ ಅಷ್ಟಾಗಿ ಸಲ್ಲದಿರುವುದಕ್ಕೆ ಇದೇ ಕಾರಣ.

ಕಾರಣ ಮತ್ತು ಬಗೆಗಳು

ಓಡುವಾಗ, ಮರ ಹತ್ತುವಾಗ, ಜಾರುಬಂಡೆ ಅಥವಾ ಮಂಚದಿಂದ ಬಿದ್ದಾಗ ಮಗು ಕೈಯನ್ನು ಮುಂದೆ ಚಾಚಿ ಊರುತ್ತದೆ. ಆಗ ಮೊಣಕೈ ಹಿಂದಕ್ಕೆ ಅತಿಯಾಗಿ ಬಾಗಿ, ಅಲ್ನಾ ಮೂಳೆಯ ತುದಿ ಹಿಂಬದಿಯ ಕುಳಿಯಲ್ಲಿ ಮೀಟುಗೋಲಿನಂತೆ ಒತ್ತಿ, ತೆಳುವಾದ ಭಾಗ ಮುರಿಯುತ್ತದೆ. ಮುರಿದ ಕೆಳತುಂಡು ಹಿಂದಕ್ಕೆ ಸರಿಯುತ್ತದೆ. ಶೇಕಡಾ 95ಕ್ಕೂ ಹೆಚ್ಚು ಪ್ರಕರಣಗಳು ಈ ಬಗೆಯವು. ಮಡಿಸಿದ ಮೊಣಕೈಯ ಮೇಲೆಯೇ ನೇರವಾಗಿ ಬಿದ್ದಾಗ ಕೆಳತುಂಡು ಮುಂದಕ್ಕೆ ಸರಿಯುವ ಬಗೆ ವಿರಳ.

ರೋಗಲಕ್ಷಣಗಳು ಮತ್ತು ದೈಹಿಕ ಪರೀಕ್ಷೆ

ನೋವು, ಊತ ಹಾಗೂ ಕೈಯನ್ನು ಅಲುಗಾಡಿಸಲು ಒಪ್ಪದಿರುವುದು ಮುಖ್ಯ ಲಕ್ಷಣಗಳು. ಮೂಳೆ ಹೆಚ್ಚು ಸರಿದಿದ್ದರೆ ಮೊಣಕೈಯ ಆಕಾರ ಕೆಟ್ಟಿರುತ್ತದೆ.

ಪೆಟ್ಟಾದ ಪ್ರತಿಯೊಂದು ಮೊಣಕೈಗೂ ಕ್ಷ-ಕಿರಣ ಚಿತ್ರ ಬೇಕೇ ಎಂಬ ಪ್ರಶ್ನೆಯನ್ನು ನೈಋತ್ಯ ಇಂಗ್ಲೆಂಡಿನ ಐದು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಪರಿಶೀಲಿಸಲಾಯಿತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 1740 ಮಂದಿ ಇದ್ದರು. ಅವರಲ್ಲಿ 780 ಮಂದಿ ಮಕ್ಕಳು. ಮೊಣಕೈಯನ್ನು ಪೂರ್ತಿಯಾಗಿ ನೇರ ಚಾಚಬಲ್ಲ 602 ಮಂದಿಯಲ್ಲಿ 17 ಮಂದಿಗೆ ಮಾತ್ರ ಮುರಿತವಿತ್ತು. ಚಾಚಲಾಗದ 1138 ಮಂದಿಯಲ್ಲಿ 521 ಮಂದಿಗೆ ಮುರಿತವಿತ್ತು. ಅಂದರೆ ಕೈ ಚಾಚಲು ಆಗದಿದ್ದರೆ ಚಿತ್ರ ತೆಗೆಯುವುದು ಅಗತ್ಯ. ಚಾಚಲು ಸಾಧ್ಯವಾದರೆ ಮುರಿತದ ಸಂಭವ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೋವು ಮುಂದುವರಿದರೆ ಮರುಪರೀಕ್ಷೆ ಬೇಕು.

ಕ್ಷ-ಕಿರಣ ಚಿತ್ರಕ್ಕೆ ಕಳುಹಿಸುವ ಮೊದಲೇ ವೈದ್ಯರು ಮಣಿಕಟ್ಟಿನ ನಾಡಿ, ಬೆರಳುಗಳ ಬಣ್ಣ ಮತ್ತು ಬಿಸುಪನ್ನು ಗಮನಿಸುತ್ತಾರೆ. ನರಗಳ ಪರೀಕ್ಷೆಯನ್ನು ಆಟದ ರೂಪದಲ್ಲಿ ಮಾಡುವುದುಂಟು. ಮುಷ್ಟಿ ಕಟ್ಟುವುದು ಮೀಡಿಯನ್ ನರದ, ಬೆರಳು ಹಾಗೂ ಮಣಿಕಟ್ಟನ್ನು ಮೇಲಕ್ಕೆತ್ತಿ ಅಂಗೈ ಬಿಡಿಸುವುದು ರೇಡಿಯಲ್ ನರದ, ಕತ್ತರಿಯಂತೆ ಬೆರಳುಗಳನ್ನು ಅಗಲಿಸುವುದು ಅಲ್ನಾರ್ ನರದ ಕೆಲಸವನ್ನು ತೋರಿಸುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳನ್ನು ಕೂಡಿಸಿ ದುಂಡಗಿನ ಉಂಗುರ ಮಾಡಲು ಮಗುವಿಗೆ ಆಗದಿದ್ದರೆ ಮೀಡಿಯನ್ ನರದ ಕವಲಾದ ಆ್ಯಂಟೀರಿಯರ್ ಇಂಟರಾಸಿಯಸ್ ನರಕ್ಕೆ ಪೆಟ್ಟಾಗಿದೆ ಎಂದರ್ಥ. ಈ ಕವಲು ಚರ್ಮದ ಸ್ಪರ್ಶಜ್ಞಾನಕ್ಕೆ ಸಂಬಂಧಿಸಿಲ್ಲ. ಹೀಗಾಗಿ ಮರಗಟ್ಟಿದೆಯೇ ಎಂದು ಮಾತ್ರ ಕೇಳಿದರೆ ಇದರ ಗಾಯ ತಪ್ಪಿಹೋಗುತ್ತದೆ. ಕೆಳತುಂಡು ಹಿಂದಕ್ಕೆ ಸರಿದ ಮುರಿತಗಳಲ್ಲಿ ಅತಿ ಹೆಚ್ಚಾಗಿ ಪೆಟ್ಟಾಗುವ ನರವೂ ಇದೇ.

ಕ್ಷ-ಕಿರಣ ಚಿತ್ರದ ಓದು

ಮಕ್ಕಳ ಮೊಣಕೈಯ ಚಿತ್ರವನ್ನು ಓದುವುದು ಸುಲಭವಲ್ಲ. ಕೀಲಿನ ಬಹುಭಾಗ ಇನ್ನೂ ಮೃದ್ವಸ್ಥಿಯಾಗಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಆರು ಮೂಳೆಕೇಂದ್ರಗಳು ಸುಮಾರು ಒಂದನೆಯ ವರ್ಷದಿಂದ ಹನ್ನೊಂದನೆಯ ವರ್ಷದವರೆಗೆ ಒಂದರ ನಂತರ ಒಂದರಂತೆ ಮೂಡುತ್ತವೆ. ಈ ಕ್ರಮವನ್ನು ಅರಿಯದವರು ಸಹಜ ಮೂಳೆಕೇಂದ್ರವನ್ನು ಮುರಿದ ಚೂರೆಂದೂ, ಮುರಿದ ಚೂರನ್ನು ಸಹಜವೆಂದೂ ಭಾವಿಸುವ ಅಪಾಯವಿದೆ.

ಪಕ್ಕದಿಂದ ತೆಗೆದ ಚಿತ್ರದಲ್ಲಿ ಹ್ಯೂಮರಸ್‌ನ ಮುಂದಿನ ಅಂಚಿನಗುಂಟ ಎಳೆದ ಗೆರೆ ಕೆಳಗಿನ ಕ್ಯಾಪಿಟೆಲಮ್ ಎಂಬ ಗುಂಡು ಭಾಗದ ನಡುವಿನ ಮೂರನೆಯ ಒಂದು ಭಾಗವನ್ನು ಹಾಯಬೇಕು. ಗೆರೆ ಅದರ ಮುಂದೆ ಹೋದರೆ ಕೆಳತುಂಡು ಹಿಂದಕ್ಕೆ ಸರಿದಿದೆ ಎಂದು ತಿಳಿಯುತ್ತದೆ. ಆದರೆ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಈ ಗೆರೆ ಅಷ್ಟು ನಿಖರವಲ್ಲ. ಮುಂದಿನಿಂದ ತೆಗೆದ ಚಿತ್ರದಲ್ಲಿ, 1929ರಲ್ಲಿ ಬೌಮನ್ ವಿವರಿಸಿದ ಕೋನವನ್ನು ಅಳೆದು ಮೂಳೆ ಒಳಕ್ಕೆ ವಾಲಿದೆಯೇ ಎಂದು ನೋಡುತ್ತಾರೆ.

ಮುರಿತದ ಗೆರೆ ಕಾಣದಿದ್ದರೂ ಒಂದು ಪರೋಕ್ಷ ಸುಳಿವು ದೊರೆಯಬಹುದು. ಕೀಲಿನೊಳಗೆ ರಕ್ತ ತುಂಬಿದಾಗ ಹಿಂಬದಿಯ ಕುಳಿಯಲ್ಲಿ ಅಡಗಿರುವ ಕೊಬ್ಬಿನ ಮೆತ್ತೆ ಮೇಲಕ್ಕೆ ತಳ್ಳಲ್ಪಟ್ಟು ಚಿತ್ರದಲ್ಲಿ ಕಪ್ಪು ನೆರಳಾಗಿ ಕಾಣುತ್ತದೆ. 1999ರಲ್ಲಿ ಪ್ರಕಟವಾದ ಸ್ಕ್ಯಾಗ್ಸ್ ಮತ್ತು ಮಿರ್ಜಾಯನ್ ಅವರ ಅಧ್ಯಯನದಲ್ಲಿ, ಈ ನೆರಳು ಮಾತ್ರ ಕಂಡು ಮುರಿತ ಕಾಣದಿದ್ದ 45 ಮಕ್ಕಳನ್ನು ಕೆಲವು ವಾರಗಳ ನಂತರ ಮರುಪರೀಕ್ಷಿಸಿದಾಗ 34 ಮಕ್ಕಳಲ್ಲಿ (76 ಪ್ರತಿಶತ) ಮುರಿತ ವಾಸಿಯಾಗುತ್ತಿದ್ದ ಗುರುತು ಕಂಡುಬಂದಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಪ್ರಾಕಾಂಡೈಲರ್ ಮುರಿತಗಳೇ ಆಗಿದ್ದವು. ಆದುದರಿಂದ ಇಂತಹ ಮಕ್ಕಳ ಕೈಯನ್ನು ಮುರಿತವಿದೆಯೆಂದೇ ಭಾವಿಸಿ ಆಧಾರ ಕೊಟ್ಟು ಕಟ್ಟುವ ರೂಢಿ ಬೆಳೆಯಿತು.

ಶ್ರವಣಾತೀತ ಧ್ವನಿಯ (ಅಲ್ಟ್ರಾಸೌಂಡ್) ಬಳಕೆಯೂ ಪರಿಶೀಲನೆಗೆ ಒಳಗಾಗಿದೆ. 2013ರ ಒಂದು ಅಧ್ಯಯನದಲ್ಲಿ 130 ಮಂದಿ ಎಳೆಯರನ್ನು ಪರೀಕ್ಷಿಸಿದಾಗ, ಈ ವಿಧಾನ ಮುರಿತವಿದ್ದವರಲ್ಲಿ 98 ಪ್ರತಿಶತ ಮಂದಿಯನ್ನು ಗುರುತಿಸಿತು. ಮುರಿತವಿಲ್ಲದವರಲ್ಲಿ 70 ಪ್ರತಿಶತ ಮಂದಿಯನ್ನು ಮಾತ್ರ ಸರಿಯಾಗಿ ಬೇರ್ಪಡಿಸಿತು.

ವರ್ಗೀಕರಣ

ಅಮೆರಿಕದ ಮೂಳೆವೈದ್ಯ ಜಾನ್ ಗಾರ್ಟ್‌ಲ್ಯಾಂಡ್ 1959ರಲ್ಲಿ ಸೂಚಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ.

ಒಂದನೆಯ ವಿಧ: ಮೂಳೆ ಸರಿದಿರುವುದಿಲ್ಲ.
ಎರಡನೆಯ ವಿಧ: ಕೆಳತುಂಡು ಹಿಂದಕ್ಕೆ ಬಾಗಿದ್ದರೂ ಹಿಂಬದಿಯ ಮೂಳೆಪದರ ಅಂಟಿಕೊಂಡಿರುತ್ತದೆ.
ಮೂರನೆಯ ವಿಧ: ಎರಡು ತುಂಡುಗಳು ಪೂರ್ತಿಯಾಗಿ ಬೇರ್ಪಟ್ಟಿರುತ್ತವೆ.

2006ರಲ್ಲಿ ಇದಕ್ಕೆ ನಾಲ್ಕನೆಯ ವಿಧವೊಂದು ಸೇರಿತು. ಮುಂದಕ್ಕೂ ಹಿಂದಕ್ಕೂ ಸರಿಯುವಷ್ಟು ಅಸ್ಥಿರವಾದ ಮುರಿತ ಇದರಲ್ಲಿ ಬರುತ್ತದೆ. ಇದು ಅರಿವಳಿಕೆ ಕೊಟ್ಟು ಮೂಳೆ ಕೂಡಿಸುವಾಗ ತಿಳಿದುಬರುತ್ತದೆ.

ಚಿಕಿತ್ಸೆ

ಒಂದನೆಯ ವಿಧಕ್ಕೆ ಪ್ಲಾಸ್ಟರಿನ ಹಿಂಪಟ್ಟಿ ಅಥವಾ ಕೊರಳಿಗೆ ಇಳಿಬಿಟ್ಟ ಜೋಳಿಗೆಯಂತಹ ಪಟ್ಟಿ ಸಾಕು. ಸುಮಾರು ಮೂರು ವಾರಗಳಲ್ಲಿ ಅದನ್ನು ತೆಗೆಯುತ್ತಾರೆ.

ಸರಿದ ಮುರಿತಗಳ ಚಿಕಿತ್ಸೆ ಕಾಲದಿಂದ ಕಾಲಕ್ಕೆ ಬದಲಾಗಿದೆ. ಹಿಂದೆ ಮೂಳೆಯನ್ನು ಕೂಡಿಸಿ, ಮೊಣಕೈಯನ್ನು ಆದಷ್ಟು ಮಡಿಸಿ ಪ್ಲಾಸ್ಟರ್ ಹಾಕುತ್ತಿದ್ದರು. ಚೆನ್ನಾಗಿ ಮಡಿಸಿದರೆ ಮೂಳೆ ಸ್ಥಾನದಲ್ಲಿ ನಿಲ್ಲುತ್ತದೆ; ಆದರೆ ಊದಿದ ಮೊಣಕೈಯನ್ನು ಹಾಗೆ ಮಡಿಸಿದಾಗ ರಕ್ತಸಂಚಾರ ಕುಂಠಿತವಾಗುತ್ತದೆ. ಮಡಿಕೆ ಕಡಿಮೆ ಮಾಡಿದರೆ ಮೂಳೆ ಮತ್ತೆ ಸರಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಕೈಯನ್ನು ಭಾರಕ್ಕೆ ಕಟ್ಟಿ ವಾರಗಟ್ಟಲೆ ಎಳೆದಿಡುವ ವಿಧಾನವೂ ಬಳಕೆಯಲ್ಲಿತ್ತು. ಮಾರ್ಟಿನ್ ಕಿರ್ಶ್ನರ್ 1909ರಲ್ಲಿ ಪರಿಚಯಿಸಿದ ತೆಳುವಾದ ಉಕ್ಕಿನ ತಂತಿಯನ್ನು ಈ ಮುರಿತಕ್ಕೆ ಬಳಸುವುದನ್ನು 1948ರಲ್ಲಿ ಸ್ವೆನ್ಸನ್ ವಿವರಿಸಿದರು. 1974ರಲ್ಲಿ ಫ್ಲಿನ್ ಮತ್ತು ಸಂಗಡಿಗರು ತಮ್ಮ ಹದಿನಾರು ವರ್ಷಗಳ ಅನುಭವವನ್ನು ಪ್ರಕಟಿಸಿದರು. ಫಲಿತಾಂಶವನ್ನು ಅಳೆಯಲು ಅವರು ರೂಪಿಸಿದ ಮಾನದಂಡ ಇಂದೂ ಬಳಕೆಯಲ್ಲಿದೆ. ತಂತಿಯೇ ಮೂಳೆಯನ್ನು ಹಿಡಿದಿಡುವುದರಿಂದ ಮೊಣಕೈಯನ್ನು ಅತಿಯಾಗಿ ಮಡಿಸುವ ಅಗತ್ಯ ತಪ್ಪಿತು.

ಇಂದು ಅರಿವಳಿಕೆ ಕೊಟ್ಟು, ಕ್ಷ-ಕಿರಣ ಪರದೆಯಲ್ಲಿ ನೋಡುತ್ತಾ, ಗಾಯ ಮಾಡದೆ ಮೂಳೆಯನ್ನು ಕೂಡಿಸಿ ಚರ್ಮದ ಮೂಲಕ ತಂತಿ ತೂರಿಸುವುದು ಸರಿದ ಮುರಿತಗಳಿಗೆ ಸ್ವೀಕೃತ ವಿಧಾನ. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ 2011ರ ಮಾರ್ಗಸೂಚಿಯಲ್ಲಿ ಇದನ್ನೇ ಸೂಚಿಸಿದೆ. ಎರಡನೆಯ ವಿಧದ ಸೌಮ್ಯ ಪ್ರಕರಣಗಳಿಗೆ ಪ್ಲಾಸ್ಟರ್ ಸಾಲದೇ ಎಂಬ ಚರ್ಚೆ ಇನ್ನೂ ನಡೆದಿದೆ. ತಂತಿಗಳನ್ನು ಮೂರು ನಾಲ್ಕು ವಾರಗಳ ನಂತರ ಹೊರರೋಗಿ ವಿಭಾಗದಲ್ಲಿಯೇ ತೆಗೆಯಬಹುದು.

ತಂತಿಗಳ ಜೋಡಣೆ

ತಂತಿಗಳನ್ನು ಎರಡೂ ಬದಿಯಿಂದ ಅಡ್ಡಹಾಯುವಂತೆ ಹಾಕಬೇಕೇ, ಹೊರಬದಿಯಿಂದ ಮಾತ್ರ ಹಾಕಬೇಕೇ ಎಂಬುದು ಬಹುಕಾಲ ಚರ್ಚೆಗೆ ಒಳಗಾದ ಪ್ರಶ್ನೆ. ಅಡ್ಡತಂತಿಗಳು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ. ಆದರೆ ಒಳಬದಿಯ ತಂತಿ ಅಲ್ನಾರ್ ನರವನ್ನು ಚುಚ್ಚಬಹುದು. 2001ರಲ್ಲಿ ಪ್ರಕಟವಾದ 345 ಮುರಿತಗಳ ಅವಲೋಕನದಲ್ಲಿ, ಹೊರಬದಿಯಿಂದ ಮಾತ್ರ ತಂತಿ ಹಾಕಿದ 125 ಮಕ್ಕಳಲ್ಲಿ ಒಬ್ಬರಿಗೂ ಅಲ್ನಾರ್ ನರದ ಗಾಯವಾಗಿರಲಿಲ್ಲ. ಮೊಣಕೈಯನ್ನು ಅತಿಯಾಗಿ ಮಡಿಸಿ ಒಳಬದಿಯ ತಂತಿ ಹಾಕಿದವರಲ್ಲಿ 15 ಪ್ರತಿಶತ, ಹಾಗೆ ಮಡಿಸದೆ ಹಾಕಿದವರಲ್ಲಿ 4 ಪ್ರತಿಶತ ಮಕ್ಕಳಿಗೆ ಈ ಗಾಯವಾಗಿತ್ತು. 2007ರಲ್ಲಿ 35 ಅಧ್ಯಯನಗಳ 2054 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿದಾಗ, ಎರಡೂ ಬದಿಯ ತಂತಿಯಿಂದ ಚಿಕಿತ್ಸಾಜನ್ಯ ಅಲ್ನಾರ್ ನರದ ಗಾಯದ ಸಂಭವ ಸುಮಾರು ಐದು ಪಟ್ಟು ಹೆಚ್ಚು, ಮೂಳೆ ಮತ್ತೆ ಸರಿಯುವ ಸಂಭವ ಮಾತ್ರ ಕಡಿಮೆ ಎಂದು ತಿಳಿದುಬಂದಿತು. ಅದೇ ವರ್ಷ 52 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ ಎರಡೂ ವಿಧಾನಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೊರಬದಿಯ ತಂತಿಗಳನ್ನು ಪರಸ್ಪರ ದೂರವಿಟ್ಟು ಸರಿಯಾಗಿ ಹಾಕುವ ವಿಧಾನದತ್ತ ಹಲವು ವೈದ್ಯರು ಒಲಿಯಲು ಈ ಅಧ್ಯಯನಗಳು ಕಾರಣವಾದವು.

ಶಸ್ತ್ರಚಿಕಿತ್ಸೆಯ ಸಮಯ

ಸರಿದ ಮುರಿತವನ್ನು ರಾತ್ರೋರಾತ್ರಿ ಸರಿಪಡಿಸಲೇಬೇಕು ಎಂಬ ಅಭಿಪ್ರಾಯ ಹಿಂದೆ ಬಲವಾಗಿತ್ತು. 2001ರಲ್ಲಿ 198 ಮಕ್ಕಳನ್ನು ಕುರಿತ ಅಧ್ಯಯನವೊಂದು, ಪೆಟ್ಟಾದ ಎಂಟು ಗಂಟೆಗಳೊಳಗೆ ಚಿಕಿತ್ಸೆ ಪಡೆದವರಿಗೂ ಅನಂತರ ಪಡೆದವರಿಗೂ ತೊಡಕುಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ತಿಳಿಸಿತು. ಆದರೆ 2008ರಲ್ಲಿ ಪ್ರಕಟವಾದ ಇನ್ನೊಂದು ವರದಿ ಎಚ್ಚರಿಕೆ ನೀಡಿತು. ಆಸ್ಪತ್ರೆಗೆ ಬಂದಾಗ ರಕ್ತಸಂಚಾರ ಸರಿಯಾಗಿಯೇ ಇದ್ದ 11 ಮಕ್ಕಳಿಗೆ ಸರಾಸರಿ 22 ಗಂಟೆ ವಿಳಂಬದ ನಂತರ ಶಸ್ತ್ರಚಿಕಿತ್ಸೆಯಾಗಿ, ಮುಂಗೈ ಸ್ನಾಯುಗಳೊಳಗಿನ ಒತ್ತಡ ಅಪಾಯಕರವಾಗಿ ಏರಿದ್ದನ್ನು ಅದು ದಾಖಲಿಸಿತು. ಹೀಗಾಗಿ ರಕ್ತಸಂಚಾರ ಸರಿಯಿದ್ದು ಊತ ಕಡಿಮೆಯಿದ್ದರೆ ಬೆಳಗಿನವರೆಗೆ ಕಾಯಬಹುದು. ಊತ ತೀವ್ರವಾಗಿದ್ದರೆ, ನರಕ್ಕೆ ಪೆಟ್ಟಾಗಿದ್ದರೆ ಕಾಯುವುದು ಸಲ್ಲದು ಎಂಬ ನಿಲುವಿಗೆ ಬರಲಾಗಿದೆ. ಕೈ ತಣ್ಣಗಾಗಿ ಬಿಳುಪೇರಿ ನಾಡಿ ಸಿಗದಿದ್ದರೆ ಅದು ತುರ್ತು ಸ್ಥಿತಿ. ಇಂತಹ ಕೈಗಳಲ್ಲಿ ಮೂಳೆಯನ್ನು ಸ್ಥಾನಕ್ಕೆ ತಂದೊಡನೆ ಹಲವು ಬಾರಿ ನಾಡಿ ಮರಳುತ್ತದೆ. ಮರಳದೆ ಕೈ ಬಿಳುಪಾಗಿಯೇ ಉಳಿದರೆ ಅಪಧಮನಿಯನ್ನು ತೆರೆದು ನೋಡಬೇಕಾಗುತ್ತದೆ. ನಾಡಿ ಸಿಗದಿದ್ದರೂ ಕೈ ಬೆಚ್ಚಗೆ ಕೆಂಪಾಗಿರುವಾಗ ಏನು ಮಾಡಬೇಕೆಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ.

ತೊಡಕುಗಳು

ವೋಕ್‌ಮನ್ ಸಂಕೋಚನ: ಮುಂಗೈ ಸ್ನಾಯುಗಳಿಗೆ ರಕ್ತ ದೊರೆಯದೆ ಅವು ಸತ್ತು, ನಾರಿನಂತಾಗಿ ಕುಗ್ಗಿ, ಬೆರಳುಗಳು ಒಳಕ್ಕೆ ಮಡಿಚಿಕೊಳ್ಳುವ ಊನ. ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ವೋಕ್‌ಮನ್ ಇದನ್ನು 1881ರಲ್ಲಿ ವಿವರಿಸಿ, ಬಿಗಿಯಾದ ಕಟ್ಟನ್ನು ಕಾರಣವಾಗಿ ತೋರಿಸಿದರು. ನೋವುನಿವಾರಕಕ್ಕೂ ಬಗ್ಗದ ನೋವು, ಮಗುವಿನ ಚಡಪಡಿಕೆ, ಬೆರಳುಗಳನ್ನು ನಿಧಾನವಾಗಿ ನೀಡಿದಾಗ ಚೀರುವುದು ಇದರ ಮುನ್ಸೂಚನೆಗಳು. ಆಗ ಕಟ್ಟನ್ನು ತಕ್ಷಣ ಬಿಚ್ಚಿಸಿ ಆಸ್ಪತ್ರೆಗೆ ಒಯ್ಯಬೇಕು. ಅಗತ್ಯವಿದ್ದರೆ ಸ್ನಾಯುಗಳ ಹೊದಿಕೆಯನ್ನು ಸೀಳಿ ಒತ್ತಡ ಇಳಿಸಲಾಗುತ್ತದೆ.

ನರಗಳ ಗಾಯ: ಸುಮಾರು ಹತ್ತರಲ್ಲಿ ಒಬ್ಬ ಮಗುವಿಗೆ ಮುರಿತದೊಡನೆಯೇ ನರಕ್ಕೆ ಪೆಟ್ಟಾಗಿರುತ್ತದೆ. ಇವುಗಳಲ್ಲಿ ಹೆಚ್ಚಿನವು ತಿಂಗಳುಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ.

ಓರೆ ಮೊಣಕೈ: ಕೆಳತುಂಡು ಒಳಕ್ಕೆ ವಾಲಿ ಕೂಡಿದಾಗ ಮುಂಗೈ ದೇಹದ ಕಡೆಗೆ ಬಾಗಿ, ಬಂದೂಕಿನ ಹಿಡಿಯಂತೆ ಕಾಣುತ್ತದೆ. ಇದಕ್ಕೆ ಕ್ಯುಬಿಟಸ್ ವೇರಸ್ ಎಂದು ಹೆಸರು. ಬೇಕಾದರೆ ಮುಂದೆ ಮೂಳೆಯನ್ನು ಕತ್ತರಿಸಿ ನೇರಗೊಳಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಭಾರತದಲ್ಲಿ

ಕರ್ನಾಟಕವೂ ಸೇರಿದಂತೆ ಭಾರತದ ಹಲವು ಭಾಗಗಳಲ್ಲಿ ಮೂಳೆ ಮುರಿದಾಗ ಮೊದಲು ನಾಟಿ ವೈದ್ಯರ ಬಳಿಗೆ ಹೋಗುವ ರೂಢಿ ಇದೆ. ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ ಹಾಗೂ ಲೇಪಗಳಿಂದ ಕೈಯನ್ನು ಕಟ್ಟಲಾಗುತ್ತದೆ. ಸರಿಯದ ಮುರಿತ ಇದರಿಂದಲೂ ಕೂಡಿಕೊಳ್ಳಬಹುದು. ಆದರೆ ಮೊಣಕೈ ಮೊದಲ ಎರಡು ದಿನ ಊದುತ್ತಲೇ ಇರುತ್ತದೆ. ಬಿಗಿಯಾಗಿ ಕಟ್ಟಿದ ದಬ್ಬೆ ಹಿಗ್ಗುವುದಿಲ್ಲ. ಕಟ್ಟು ಯಾರು ಕಟ್ಟಿದರೂ, ಆಸ್ಪತ್ರೆಯ ಪ್ಲಾಸ್ಟರಿಗೂ, ಈ ಮಾತು ಅನ್ವಯಿಸುತ್ತದೆ. ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ಬಲವಾಗಿ ನೀವುವುದರಿಂದ ಸ್ನಾಯುವಿನಲ್ಲಿ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳುವ ಅಪಾಯವೂ ಇದೆ.

ಚೇತರಿಕೆ

ಪ್ಲಾಸ್ಟರ್ ತೆಗೆದ ಮೇಲೆ ಮೊಣಕೈ ಕೆಲಕಾಲ ಬಿಗಿಯಾಗಿರುವುದು ಸಹಜ. 2014ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗವೊಂದರಲ್ಲಿ 61 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಭೌತಚಿಕಿತ್ಸೆ ನೀಡಿದಾಗ, ಅದರಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಮಗು ಊಟ, ಬಟ್ಟೆ, ಆಟಗಳಲ್ಲಿ ಕೈಯನ್ನು ತಾನಾಗಿ ಬಳಸುತ್ತಾ ಹೋದಂತೆ ಚಲನೆ ಮರಳುತ್ತದೆ. ಬಲವಂತವಾಗಿ ಎಳೆದು ನೇರಮಾಡುವುದು ಹಾನಿಕರ.