ಬಿತ್ತು, ಬಿತ್ತರ, ಅಕ್ಕಡಿ

ನಗರಗೆರೆಯಿಂದ ಹಿಂದೂಪುರದ ಕಡೆಗೆ ಹೊರಟು ಗಡಿ ದಾಟಿದರೆ ನಮ್ಮ ‘ಬಿತ್ತು’ ತೆಲುಗಿನ ‘ವಿತ್ತು’ ಆಗುತ್ತದೆ. ತಮಿಳಿನಲ್ಲೂ ‘ವಿತ್ತು’ವೇ. ಮೊದಲಿನ ವಕಾರವನ್ನು ಬಕಾರ ಮಾಡಿಕೊಂಡದ್ದು ಕನ್ನಡ. ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿಯನ್ನು ‘ಬಿತ್ತುವಟ್ಟ’ ಎನ್ನುತ್ತಿದ್ದರು; ಬೀಜದ ಪದ ಅಷ್ಟು ಹಿಂದೆಯೇ ನೀರಿನ ಲೆಕ್ಕಕ್ಕೂ ಸೇರಿತ್ತು.

ಸಂಸ್ಕೃತದ ‘ವಿಸ್ತಾರ’ವೂ ಇದೇ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದು ‘ಬಿತ್ತರ’ವಾಯಿತು. ಹಳಗನ್ನಡದಲ್ಲಿ ಬಿತ್ತರಿಸುವುದೆಂದರೆ ವಿವರವಾಗಿ ಹೇಳುವುದು. ರೇಡಿಯೊ ಬಂದ ಮೇಲೆ, ಊರಿಗೆಲ್ಲ ಕೇಳಿಸುವುದು. ಬಿತ್ತು, ಬಿತ್ತರ ನೋಡಲು ಅಕ್ಕತಂಗಿಯರು, ತವರು ಮಾತ್ರ ಬೇರೆ. ತಮಾಷೆ ಏನೆಂದರೆ ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಹುಟ್ಟಾ ಹೊಲದ ಪದ. ಬೀಜವನ್ನು ಕೈಯಿಂದ ಎರಚುವುದಕ್ಕೆ ಇದ್ದ ಹೆಸರನ್ನು ರೇಡಿಯೊದವರು 1920ರ ದಶಕದಲ್ಲಿ ಎತ್ತಿಕೊಂಡರು. ಅವರು ಹೋಲಿಕೆ ಹುಡುಕಿ ಪಡೆದದ್ದು ನಮಗೆ ಆಕಸ್ಮಿಕವಾಗಿ ದಕ್ಕಿತು.

ಆದರೆ ಕಂಪ್ಯೂಟರ್ ಜಾಲದಲ್ಲಿ ಕೇಳಿದವರಿಗಷ್ಟೇ ಕಳಿಸುವ ‘ಮಲ್ಟಿಕಾಸ್ಟ್’ಗೆ ಏನನ್ನೋಣ? ‘ಬಹುಪ್ರಸಾರ’ ಎಂದರೆ ತಪ್ಪಿಲ್ಲ, ಚಿತ್ರವೂ ಮೂಡುವುದಿಲ್ಲ. 1989ರಲ್ಲಿ ಸ್ಟೀವ್ ಡೀರಿಂಗ್ ಬರೆದ ಆರ್‌ಎಫ್‌ಸಿ 1112 ಎಂಬ ಅಂತರ್ಜಾಲದ ನಿಯಮಪತ್ರ ಇದರ ಕ್ರಮವನ್ನು ಹಾಕಿಕೊಟ್ಟಿತು. 224ರಿಂದ 239ರವರೆಗಿನ ಅಂಕಿಗಳಿಂದ ಶುರುವಾಗುವ ವಿಳಾಸಗಳು ಯಾವೊಂದು ಯಂತ್ರದವೂ ಅಲ್ಲ, ಗುಂಪಿನವು. ‘ನನಗೂ ಬೇಕು’ ಎಂದ ಯಂತ್ರವಿರುವ ಕವಲಿಗಷ್ಟೇ ಮಾಹಿತಿ ಹೋಗುತ್ತದೆ. ಕವಲೊಡೆಯುವವರೆಗೆ ಒಂದೇ ಪ್ರತಿ.

ರಾಗಿ ಹೊಲದಲ್ಲಿ ಇದಕ್ಕೊಂದು ಮಾತಿದೆ: ಅಕ್ಕಡಿ. ಕೂರಿಗೆ ಸಾಲುಗಳಲ್ಲಿ ರಾಗಿ ಬೀಳುತ್ತಿರುವಾಗಲೇ, ಹಿಂದೆ ಕಟ್ಟಿದ ಕೊಳವೆಯಲ್ಲಿ ಇನ್ನೊಬ್ಬರು ಅವರೆಯನ್ನೋ ತೊಗರಿಯನ್ನೋ ಬಿಡುತ್ತಾ ನಡೆಯುತ್ತಾರೆ. ಇಷ್ಟು ಸಾಲಿಗೊಂದು ಅಕ್ಕಡಿ ಸಾಲು, ಅವರೆ ಅಲ್ಲಿಗೆ ಮಾತ್ರ. ಎರಚಿದ ಬೀಜಕ್ಕೆ ಈ ವಿವೇಚನೆ ಇಲ್ಲ. ನನಗಂತೂ ಮಲ್ಟಿಕಾಸ್ಟಿಗೆ ‘ಅಕ್ಕಡಿ ಬಿತ್ತರ’ವೇ ಒಪ್ಪುತ್ತದೆ. ಹೋಲಿಕೆ ಒಂದು ಕಡೆ ಕುಂಟುತ್ತದೆ ನಿಜ: ಕವಲಿನಲ್ಲಿ ಮಾಹಿತಿ ಎರಡಾಗುತ್ತದೆ, ಅವರೆಕಾಳು ಆಗುವುದಿಲ್ಲ.

ಲಿನಕ್ಸ್‌ನಲ್ಲಿ ಈ ಬಿತ್ತರಕ್ಕೆ ಅದರ ತಿರುಳಾದ ಕರ್ನೆಲ್ ಕೂರಿಗೆ ಎಳೆಯುತ್ತದೆ. ಯಾವ ಸಾಲಿಗೆ ಬಿಡಬೇಕೆಂದು ಹೇಳುವುದು ಎಮ್‌ರೂಟೆಡ್, ಪಿಮ್‌ಡಿಯಂಥ ತಂತ್ರಾಂಶ. ಎಸ್‌ಎಂಸಿರೂಟ್ ಇನ್ನೂ ಸರಳ, ದಾರಿಯನ್ನು ನಾವೇ ಬರೆದಿಡಬೇಕು. ಒಂದು ಮಾರ್ಗಪಟ್ಟಿಗೆ ಇಂಥ ಒಂದೇ ತಂತ್ರಾಂಶವನ್ನು ಕರ್ನೆಲ್ ಒಪ್ಪುತ್ತದೆ. ಎರಡನೆಯದು ಬಂದರೆ ಬಾಗಿಲಲ್ಲೇ ತಡೆಯುತ್ತದೆ. ಅಕ್ಕಡಿ ಕೊಳವೆಗೂ ಅಷ್ಟೇ, ಕಾಳು ಬಿಡುವ ಕೈ ಒಂದೇ.