ಬೀದಿಯ ಪಕ್ವಾನ್ನವೂ ಪ್ರಾಚೀನರ ವಿಧಿಯೂ

ಬೀದಿಯಲ್ಲಿ ಬೇಯಿಸಿ ಮಾರುವ ತಿನಿಸುಗಳನ್ನು ಕೊಂಡು ತಿನ್ನುವ ರೂಢಿಯು ಈಚಿನ ನಾಗರಿಕತೆಯಿಂದ ಹುಟ್ಟಿದ ಕೇಡೆಂದು ಹಲವರು ಭಾವಿಸುವುದುಂಟು. ಪ್ರಾಚೀನ ಗ್ರಂಥಗಳನ್ನು ಅವಲೋಕಿಸಿದರೆ ಈ ಭಾವನೆಯು ನಿಲ್ಲಲಾರದು. ಆಪಸ್ತಂಬ ಧರ್ಮಸೂತ್ರವು ಅಂಗಡಿಯಿಂದ ತಂದ ಅನ್ನವನ್ನು ಉಣ್ಣಲಾಗದೆಂದು ವಿಧಿಸಿ, ಅದರ ಬೆನ್ನಿಗೇ ಒಂದು ರಾತ್ರಿ ಕಳೆದ ತಂಗಳನ್ನೂ ನಿಷೇಧಿಸಿದೆ. ಮಾರುವವರೂ ಕೊಳ್ಳುವವರೂ ಇಲ್ಲದಿದ್ದಲ್ಲಿ ಇಂತಹ ನಿಷೇಧಕ್ಕೆ ಅವಕಾಶವೆಲ್ಲಿಯದು?

ಈ ವಿಧಿಗೆ ಮೂಲವು ಶೌಚಾಶೌಚ ವಿಚಾರವೇ ಹೊರತು ರೋಗಾಣುಗಳ ಜ್ಞಾನವಲ್ಲ. ಆದರೂ ತಂಗಳಿನ ನಿಷೇಧವು ದೇಹಕ್ಕೆ ಹಿತವಾಗಿಯೇ ಪರಿಣಮಿಸಿತು. ಬೆಂದ ಅನ್ನವು ಬೆಚ್ಚನೆಯ ಹವೆಯಲ್ಲಿ ಬಹಳ ಹೊತ್ತು ಇದ್ದರೆ ಅದರಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಹೊಂದಿ ವಾಂತಿಭೇದಿಗಳನ್ನುಂಟುಮಾಡುವುವು. ಅವುಗಳಲ್ಲಿ ಕೆಲವು ಸ್ರವಿಸುವ ವಿಷವು ಮತ್ತೆ ಕಾಯಿಸಿದರೂ ನಾಶವಾಗದು. ಚರಕಸಂಹಿತೆಯ ವಿಮಾನಸ್ಥಾನವೂ ಬಿಸಿಯಾದ ಆಹಾರವನ್ನೇ ಸೇವಿಸಬೇಕೆಂದು ಬೋಧಿಸುತ್ತದೆ.

ಆದರೆ ಇಂತಹ ವಿಧಿಯನ್ನು ಪಾಲಿಸುವುದು ಮನೆಯಲ್ಲಿ ಒಲೆಯುರಿಯುವವನಿಗೆ ಸುಲಭ. ದಾರಿಗನೂ ಕೂಲಿಯಾಳೂ ಏನು ಮಾಡತಕ್ಕದ್ದು? ಅಂತಹವರಿಗೆ ಬೇಕಾದ ವ್ಯವಸ್ಥೆಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣುತ್ತದೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೦೯ರಲ್ಲಿ ಪ್ರಕಟಿಸಿದ ಆ ಗ್ರಂಥವು, ಪಕ್ವಾನ್ನ ಮಾರುವವರನ್ನು ಹೊರದೂಡದೆ ನಗರದ ದಕ್ಷಿಣ ಭಾಗದಲ್ಲಿ ಅವರಿಗೆ ನೆಲೆಯನ್ನು ಗೊತ್ತುಮಾಡಿದೆ. ಧಾನ್ಯ, ಸ್ನೇಹದ್ರವ್ಯ, ಲವಣ, ಔಷಧ ಮುಂತಾದವುಗಳಲ್ಲಿ ಅವನ್ನೇ ಹೋಲುವ ಬೇರೆ ವಸ್ತುವನ್ನು ಬೆರಸಿದವನಿಗೆ ೧೨ ಪಣಗಳ ದಂಡವನ್ನೂ ವಿಧಿಸಿದೆ. ಧರ್ಮಸೂತ್ರವು ಉಣ್ಣುವವನನ್ನು ಎಚ್ಚರಿಸಿದರೆ, ಅರ್ಥಶಾಸ್ತ್ರವು ಮಾರುವವನ ಹೊಣೆಯನ್ನು ರಾಜನಿಗೆ ಒಪ್ಪಿಸಿತು.

ಈ ಎರಡನೆಯ ಮಾರ್ಗವೇ ಇಂದಿನ ಶಾಸನಗಳದ್ದೂ ಆಗಿದೆ. ೨೦೦೬ರ ಆಹಾರ ಸುರಕ್ಷತಾ ಶಾಸನವು ಕಲಬೆರಕೆಯನ್ನು ದಂಡಿಸುತ್ತದೆ. ೨೦೧೪ರ ಬೀದಿ ವ್ಯಾಪಾರಿಗಳ ಶಾಸನವು ಅವರಿಗೆ ಸ್ಥಳವನ್ನು ಗೊತ್ತುಮಾಡುತ್ತದೆ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡ ೨೫ನ್ನು ಮೀರಕೂಡದೆಂಬ ನಿಯಮವು ೨೦೧೮ರಲ್ಲಿ ಜಾರಿಗೆ ಬಂದಿತು. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಪರೀಕ್ಷಿಸಿದ ಗೋಬಿ ಮಂಚೂರಿಯ ೧೭೧ ಮಾದರಿಗಳಲ್ಲಿ ೧೦೭ ಅಸುರಕ್ಷಿತವೆಂದು ಕಂಡುಬಂದು, ಅದಕ್ಕೆ ಕೃತಕ ಬಣ್ಣ ಬೆರಸುವುದನ್ನು ನಿಷೇಧಿಸಲಾಯಿತು. ತಿನಿಸನ್ನು ನಿಷೇಧಿಸಲಿಲ್ಲ, ಬಣ್ಣವನ್ನು ನಿಷೇಧಿಸಿದರು. ಈ ವಿವೇಕವು ಗಮನಾರ್ಹವಾದುದು.

ಬೀದಿಯ ತಿನಿಸನ್ನು ಹಳಿಯುವುದು ಮನೆಯೂಟವುಳ್ಳವರಿಗೆ ಸುಲಭವೇ ಸರಿ. ಆದರೆ ಅದನ್ನೇ ನಂಬಿ ದಿನ ಕಳೆಯುವವರ ಆರೋಗ್ಯವು ಹಳಿವಿನಿಂದ ಸುಧಾರಿಸದು. ಗಾಡಿಯ ಬಳಿಗೆ ಶುದ್ಧವಾದ ನೀರು ಬರಬೇಕು, ಕರಿದ ಎಣ್ಣೆ ಕಾಲಕಾಲಕ್ಕೆ ಬದಲಾಗಬೇಕು, ಪರೀಕ್ಷಕರು ತಪ್ಪದೆ ಸುತ್ತಬೇಕು. ಊರಿನ ಪುರಸಭೆಯಿಂದ ಇಷ್ಟನ್ನು ಕೇಳಿ ಪಡೆಯುವುದು ವಿದ್ಯಾವಂತ ಕುಟುಂಬಗಳ ಕರ್ತವ್ಯವಾಗಿದೆ.